ಸೀಟಿ ಅಕ್ಕನ ಸಿಟ್ಟು

ಸೀಟಿ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಸಿಟಿ ಬಸ್ಸಿನ ಕಂಡಕ್ಟರ್ ಅವಳು. ಬಾಗಿಲಲ್ಲಿ ನೇತಾಡುವ ಪಡ್ಡೆಗಳು ಒಳಗೆ ನುಗ್ಗಲು ಅವಳ ಒಂದು ಸೀಟಿ ಸಾಕು, ಹೆಸರು ಬಂದದ್ದೂ ಅದರಿಂದಲೇ. ಆದರೆ ಮಗಳಿಗೆ ರಕ್ತದ ಕ್ಯಾನ್ಸರ್ ಎಂದಾಗ ಆ ಬಾಯಿ ಕಟ್ಟಿಹೋಯಿತು. ಚಿಕಿತ್ಸೆ ಮುಗಿಯುವವರೆಗೂ ಡಾಕ್ಟರು ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದಳು. ಗುಣವಾಯಿತು ಎಂದ ದಿನ ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ಟಿನ ಜೊತೆ ಆ ಸುದ್ದಿಯನ್ನೂ ಹಂಚಿದಳು.

ಈಗ ಹದಿನಾಲ್ಕರ ಹುಡುಗಿ ಕುಂಟುತ್ತಿದ್ದಾಳೆ. ಕ್ಯಾನ್ಸರಿಗೆ ಕೊಟ್ಟ ಸ್ಟೀರಾಯ್ಡಿನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯುವುದು ನಿಂತಿದೆ, ಮೂಳೆ ಸಾಯುತ್ತಿದೆ, ಭಾರ ಬಿದ್ದರೆ ಕುಸಿಯುತ್ತದೆ ಎಂದು ಡಾಕ್ಟರು ಸ್ಕ್ಯಾನ್ ತೋರಿಸಿದರು. "ಈ ವಯಸ್ಸಿನವರಲ್ಲಿ ಹೀಗೆ ಆಗೋದುಂಟು" ಎಂದರು.

ಆಗೋದುಂಟಂತೆ. ಬಸ್ಸು ತಡವಾಗೋದುಂಟು, ಟಯರು ಪಂಚರ್ ಆಗೋದುಂಟು. ಮಗುವಿನ ಮೂಳೆಯೂ ಅದೇ ಲೆಕ್ಕವೇ?

"ಆಗೋದುಂಟು ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಸಾರ್?"

"ಆಗ ಜೀವ ಉಳಿಸೋದು ಮುಖ್ಯವಾಗಿತ್ತಮ್ಮ."

ಹಾವು ಸತ್ತಿತು, ಕೋಲು ಮುರಿಯಿತು. ಮುರಿಯಬಹುದೆಂದು ಕೋಲು ಹಿಡಿದವರಿಗೆ ಗೊತ್ತಿತ್ತು, ಹೇಳಲಿಲ್ಲ.

"ಉಳಿಸಿದ್ದಕ್ಕೆ ಕೈ ಮುಗೀತೀನಿ. ಆದ್ರೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಕಾಲು ನೋವು ಅಂದ್ರೆ ಓಡಿ ಬನ್ನಿ ಅಂತ, ಅಷ್ಟೇ. ಕಾಲಿಗೆ ಶಕ್ತಿ ಬರ್ಲಿ ಅಂತ ನಾನು ಇವಳನ್ನ ದಿನಾ ಸ್ಕೂಲಿಗೆ ನಡೆಸ್ತಿದ್ದೆ. ಬಸ್ಸಿನೋಳ ಮಗಳನ್ನ ನಡೆಸ್ತಿದ್ದೆ."

"ಬಂದಾಗೆಲ್ಲ ನೋವಿದೆಯಾ ಅಂತ ಕೇಳ್ತಿದ್ವಲ್ಲ. ಇವಳೇ ಇಲ್ಲ ಅಂತಿದ್ಲು" ಎನ್ನುತ್ತ ಡಾಕ್ಟರು ಕುರ್ಚಿಯಿಂದ ಎದ್ದರು. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಸೀಟಿ ಅಕ್ಕ ಗಿರಕ್ಕನೆ ಮಗಳ ಕಡೆ ತಿರುಗಿದಳು. "ಯಾಕೆ ಇಲ್ಲ ಅಂದೆ? ನಿನ್ ಬಾಯಿ ಬಿದ್ದೋಗಿತ್ತಾ?"

ಹುಡುಗಿ ಚಪ್ಪಲಿ ನೋಡುತ್ತ ಹೇಳಿದಳು, "ನೀನು ಎಲ್ರಿಗೂ ಗುಣ ಆಯ್ತು ಅಂತ ಹೇಳ್ಬಿಟ್ಟಿದ್ಯಲ್ಲಮ್ಮ."

ಸೀಟಿ ಅಕ್ಕನಿಗೆ ಡಾಕ್ಟರ ಮೇಲಿನ ಸಿಟ್ಟಂತೂ ಇಳಿಯಲಿಲ್ಲ, ಇಳಿಯಬೇಕಾದ ಸಿಟ್ಟೂ ಅದಲ್ಲ. ಈಗ ಅದರ ಪಕ್ಕದಲ್ಲಿ ತನ್ನ ಮೇಲಿನದೂ ಬಂದು ಕೂತಿತು. ಹೊರಡಲೆಂದು ಏಳುತ್ತಿದ್ದ ಮಗಳನ್ನು ಭುಜ ಹಿಡಿದು ಕೂರಿಸಿದಳು.

"ಏಳ್ಬೇಡ. ಎಲ್ಲಿ ನೋಯುತ್ತೆ, ಯಾವಾಗಿಂದ ನೋಯುತ್ತೆ, ಎಲ್ಲಾ ಹೇಳು. ಅಳು ಬಂದ್ರೆ ಅತ್ತುಬಿಡು. ನೀನು ಹೇಳಿ ಮುಗಿಸೋ ತನಕ ಇಲ್ಲಿಂದ ಯಾರೂ ಕದಲಲ್ಲ."

ಡಾಕ್ಟರು ಮತ್ತೆ ಕೂತರು.