ಆ್ಯಂಕ್ಷಿಯಸ್ ಅಂದರೇನು?
ಮುಂಬಯಿಯ ಆಂಟಾಪ್ ಹಿಲ್‌ನ ಇಂದ್ರಾಬಾಯಿಗೆ ಹೊಸ ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಿಲ್ಡಿಂಗಿನಲ್ಲಿ ಯಾರಾದರೂ 'ನೋಟಿಸ್' ಎಂದರೆ ಮನೆಯೇ ಹೋಯಿತೆಂದು ಗಂಟುಮೂಟೆ ಕಟ್ಟುತ್ತಾಳೆ. ಡಾಕ್ಟರು 'ನಾರ್ಮಲ್' ಎಂದರೂ ಅದು ಯಾವ ರೋಗವೆಂದು ನಾಲ್ಕು ಮನೆಯಲ್ಲಿ ವಿಚಾರಿಸುತ್ತಾಳೆ. ವಿಲೆ ಪಾರ್ಲೆಯ ಹಾಸ್ಟೆಲಿನಿಂದ ಮೊಮ್ಮಗಳು ಶೀತಲ್ ಫೋನಿನಲ್ಲಿ, "ಅಜ್ಜಿ, ನಿನ್ನ ನೋಡಾಕ ಆ್ಯಂಕ್ಷಿಯಸ್ ಆಗೇನಿ" ಎಂದಳು. ಅದಕ್ಕೆ ಗಾಬರಿ ಎಂದರ್ಥವೆಂದು ಪಕ್ಕದ ಮನೆಯವರು ಹೇಳಿದ್ದೇ ತಡ, ಇಂದ್ರಾಬಾಯಿ ಲೋಕಲ್ ರೈಲು ಹಿಡಿದು ಹಾಸ್ಟೆಲಿಗೆ ಓಡಿದಳು. ಶೀತಲ್ ನಕ್ಕುಬಿಟ್ಟಳು. "ಅರೆ ಅಜ್ಜಿ, ನೋಡಬೇಕಂತ ಜೀವ ಚಡಪಡಿಸಿದರೂ ಅದ ವರ್ಡ್. ಲ್ಯಾಟಿನ್‌ನಾಗ ಅದರ ಮೂಲ ಮತಲಬ್, ಗಂಟಲಾ ಹಿಚುಕೋದು." ಇಂದ್ರಾಬಾಯಿ ಮೆಲ್ಲಗೆ ತನ್ನ ಗಂಟಲು ಮುಟ್ಟಿಕೊಂಡಳು. "ಖರೇ ಐತಿ ನೋಡವ್ವಾ. ನೀ ಇಲ್ಲಿಗೆ ಬಂದಾಗಿಂದ ನನಗ ತುತ್ತು ಇಳಿವಲ್ದು."