ಪ್ರಶ್ನೆ ಪೂರ್ತಿ ಕೇಳುವ ವೈನಿ

ಟಿವಿಯಲ್ಲಿ ಕ್ವಿಜ್ ಬಂದಾಗ ನಾನು ಬಹಳ ಜಾಣ. ಉತ್ತರ ಪರದೆಯ ಮೇಲೆ ಬಂದ ಕೂಡಲೇ ‘ಅರೆ, ಇದು ಗೊತ್ತಿತ್ತು’ ಎಂದು ತೊಡೆ ತಟ್ಟಿಕೊಳ್ಳುತ್ತೇನೆ. ಬರುವ ಮೊದಲು ಮಾತ್ರ ಬಾಯಿ ತೆರೆಯುವುದಿಲ್ಲ. ಮನೆಯವರಿಗೆ ಇದು ತಿಳಿದುಹೋಗಿದೆ. ಆದರೂ ಮರ್ಯಾದೆಗಾಗಿ ಸುಮ್ಮನಿರುತ್ತಾರೆ.

ಅಲ್ಲಿ ಕೂತು ಪಟಪಟನೆ ಉತ್ತರಿಸುವವರನ್ನು ಕಂಡರೆ ನನಗೆ ಭಕ್ತಿಯೇ ಹುಟ್ಟುತ್ತದೆ. ಯಾವ ದೇಶದ ಧ್ವಜದಲ್ಲಿ ಯಾವ ಹಕ್ಕಿ ಇದೆ, ಕಿವಿಯೊಳಗಿನ ಮೂಳೆಗೆ ಏನು ಹೆಸರು, ಇವೆಲ್ಲ ಅವರ ತಲೆಗೆ ಹೋದದ್ದಾದರೂ ಯಾವ ಬಾಗಿಲಿನಿಂದ? ನಮ್ಮ ಬೀದರಿನಲ್ಲಿ ಪರ್ಷಿಯಾದಿಂದ ಬಂದ ಮಂತ್ರಿಯೊಬ್ಬ ಕಟ್ಟಿಸಿದ ಹಳೆಯ ಮದರಸಾ ಇದೆ. ಒಂದು ಕಾಲಕ್ಕೆ ಅಲ್ಲಿ ಓದಲು ದೂರದೂರದಿಂದ ಪಂಡಿತರು ಬರುತ್ತಿದ್ದರಂತೆ. ನಾನು ತರಕಾರಿ ತರಲು ದಿನವೂ ಅದರ ಎದುರಿನಿಂದಲೇ ಹೋಗುತ್ತೇನೆ. ಇಷ್ಟು ವರ್ಷಗಳಲ್ಲಿ ಅದರ ಗಾಳಿ ನನಗೆ ಸ್ವಲ್ಪವೂ ತಗುಲಿಲ್ಲ.

ತಗುಲಿದ್ದು ನಮ್ಮ ಮಾರ್ಥಾ ವೈನಿಗೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಔರಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬೀದರಿನ ಚಿದ್ರಿಯಲ್ಲಿ ನಮ್ಮೆಲ್ಲರ ಮನೆ, ಅಲ್ಲಿಂದ ಔರಾದಿಗೆ ನಿತ್ಯ ಬಸ್ಸು. ರೈಲಿಲ್ಲದ ಊರಿಗೆ ಹೋಗಿಬರುವುದು ಎಲ್ಲರಿಗೂ ಬೇಸರದ ಕೆಲಸ. ವೈನಿಗೆ ಅದೇ ಪಾಠಶಾಲೆ. ಪಕ್ಕದಲ್ಲಿ ಯಾರು ಕೂತರೂ ಸರಿ, ಊರು ಕೇರಿ ವಿಚಾರಿಸಿ, ಆಮೇಲೆ ಮೆಲ್ಲಗೆ ತಮ್ಮ ಪ್ರಶ್ನೆ ತೆಗೆಯುತ್ತಾರೆ: “ನಿಮ್ಮ ಕೆಲಸದಾಗ ಹೊರಗಿನವರಿಗಿ ಗೊತ್ತಿಲ್ಲದ್ದು ಒಂದು ಹೇಳ್ರಿ.”

ಪಕ್ಕದವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಇಳಿಯುವ ಊರು ದಾಟಿದರೂ ಮಾತು ನಿಲ್ಲಿಸುವುದಿಲ್ಲ. ಬಳೆ ಮಾರುವಾಕೆ ಕೈ ಅಳೆಯದೆ ಹೆಬ್ಬೆರಳಿನ ಬುಡ ಒತ್ತಿ ಅಳತೆ ಹೇಳುವುದು, ತೊಗರಿ ವ್ಯಾಪಾರಿ ಕಾಳನ್ನು ಹಲ್ಲಿನಡಿ ಕಡಿದು ಹಸಿಯೋ ಒಣಗಿದ್ದೋ ತಿಳಿಯುವುದು, ಎಲ್ಲ ಹೀಗೆ ಬಂದದ್ದು. ಕೇಳಿದ್ದನ್ನು ವೈನಿ ಅಲ್ಲಿಗೇ ಬಿಡುವುದಿಲ್ಲ. ರಜೆಯ ದಿನ ಗ್ರಂಥಾಲಯಕ್ಕೆ ಹೋಗಿ, ಅದು ಹೌದೋ ಅಲ್ಲವೋ ನೋಡಿ ಬರುತ್ತಾರೆ. ನಾವೆಲ್ಲ ಗೊತ್ತಿಲ್ಲ ಎನ್ನಲು ನಾಚಿ ದಡ್ಡರಾಗಿಯೇ ಉಳಿಯುತ್ತೇವೆ. ವೈನಿಗೆ ಆ ನಾಚಿಕೆಯೇ ಇಲ್ಲ.

ಅವರಿಗಿದ್ದ ಆಸೆ ಒಂದೇ: ಟಿವಿಯ ಕ್ವಿಜ್‌ನಲ್ಲಿ ಒಮ್ಮೆ ಕೂರಬೇಕು. ಅದಕ್ಕೆ ಇಬ್ಬಿಬ್ಬರ ಜೋಡಿ ಬೇಕು. ಅಣ್ಣ ಒಲ್ಲೆ ಎಂದ, ನಾನು ಜೋಡಿಯಾದೆ. ತಲೆ ಅವರದು, ಗುಂಡಿ ಒತ್ತುವ ಬೆರಳು ನನ್ನದು.

ಆದರೆ ಈ ತಲೆಗೆ ಒಂದು ದೊಡ್ಡ ಕೊರತೆ ಇತ್ತು. ಪ್ರಶ್ನೆ ಮುಗಿಯುವವರೆಗೂ ವೈನಿ ತಲೆ ಆಡಿಸುವುದಿಲ್ಲ. ಅವರು ತಲೆ ಆಡಿಸದೆ ನಾನು ಒತ್ತುವಂತಿಲ್ಲ. ಭಾಲ್ಕಿಯ ಒಂದು ಸ್ಪರ್ಧೆಯಲ್ಲಿ, ದೇಹದ ಅತಿ ಚಿಕ್ಕ ಮೂಳೆ ಎಲ್ಲಿದೆ ಎಂಬ ಪ್ರಶ್ನೆಗೆ, ನರ್ಸ್ ಬಾಯಿ ತೆರೆಯುವ ಮೊದಲೇ ಕಿರಾಣಿ ಅಂಗಡಿಯವರು ಕಿವಿ ಎಂದು ಹೇಳಿ ಗೆದ್ದುಕೊಂಡು ಹೋದರು. ವಾಪಸು ಬರುವಾಗ ನಾನು ಸಿಡಿಮಿಡಿಗೊಂಡೆ. ವೈನಿ ಶಾಂತವಾಗಿ ಹೇಳಿದರು: “ಅರ್ಧ ಕೇಳಿ ಹ್ಯಾಂಗ ಹೇಳೋದ್ರಿ? ಪೇಷಂಟ್ ಹೊಟ್ಟಿ ಅಂದ ಕೂಡಲೇ ಸೂಜಿ ಚುಚ್ಚಿದಂಗ ಆಗ್ತದ.” ನ್ಯಾಯವಾದ ಮಾತೇ. ಆದರೆ ನ್ಯಾಯಕ್ಕೆ ಅಂಕ ಕೊಡುವ ಕ್ವಿಜ್ ಇನ್ನೂ ಶುರುವಾಗಿಲ್ಲ.

ಕಡೆಗೆ ಟಿವಿಯವರೇ ಬೀದರಿಗೆ ಆಯ್ಕೆಗೆ ಬಂದರು. ಗೆದ್ದ ಜೋಡಿಯೊಂದಕ್ಕೇ ಬೆಂಗಳೂರಿನ ಕರೆ. ವೈನಿಯ ನಿವೃತ್ತಿ ಹತ್ತಿರವಾಗಿತ್ತು. ಬಸ್ಸು ನಿಂತರೆ ತಮ್ಮ ಪಾಠಶಾಲೆಯೂ ಮುಚ್ಚುತ್ತದೆ, ಆಗಬೇಕಿದ್ದರೆ ಈಗಲೇ ಎಂದು ಅವರು ಹೇಳಿಕೊಂಡಿದ್ದರು.

ಕೊನೆಯ ಪ್ರಶ್ನೆಗೆ ಬಂದಾಗ ನಾವೂ ಭಾಲ್ಕಿಯ ಇಬ್ಬರು ಯುವ ಉಪನ್ಯಾಸಕರೂ ಸಮಸಮ. ಪ್ರಶ್ನೆ ಕೇಳುವವರು “ಬಿದರಿ ಪಾತ್ರೆಗೆ ಕಪ್ಪು ಬಣ್ಣ ಬರಲು ಬಳಸುವ ಮಣ್ಣು...” ಎಂದು ಶುರುಮಾಡಿದರು. ಇದಕ್ಕೆ ಉತ್ತರ ಗೊತ್ತಿಲ್ಲದ ಪ್ರಾಣಿ ನಮ್ಮ ಜಿಲ್ಲೆಯಲ್ಲಿ ಇಲ್ಲ. ನನಗೇ ಗೊತ್ತಿತ್ತು ಎಂದ ಮೇಲೆ ಇನ್ನೇನು. ಬೆರಳು ತುರಿಸಿತು. ವೈನಿ ತಲೆ ಆಡಿಸಲಿಲ್ಲ. ಅಷ್ಟರಲ್ಲಿ ಭಾಲ್ಕಿಯವರು ಒತ್ತಿಬಿಟ್ಟರು: ಬೀದರ ಕೋಟೆಯ ಮಣ್ಣು. ಸಭೆ ಚಪ್ಪಾಳೆ ತಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ.

ಉತ್ತರ ತಪ್ಪು ಎಂದರು. ಬೀದರ ಜಿಲ್ಲೆಯವರಲ್ಲದೆ ಇನ್ನಾರೂ ಅಷ್ಟು ಖಾತ್ರಿಯಿಂದ ಆ ತಪ್ಪು ಮಾಡುತ್ತಿರಲಿಲ್ಲ. ಉಳಿದರ್ಧ ಪ್ರಶ್ನೆ ನಮಗೆ ಬಂತು: ಆ ಮಣ್ಣು ಕೆಲಸಕ್ಕೆ ತಕ್ಕದ್ದೇ ಎಂದು ಕುಶಲಕರ್ಮಿಗಳು ಹೇಗೆ ಪರೀಕ್ಷಿಸುತ್ತಾರೆ?

“ನಾಲಿಗಿ ಮ್ಯಾಲ ಇಟ್ಟು ರುಚಿ ನೋಡ್ತಾರ್ರಿ,” ಎಂದರು ವೈನಿ.

ಸರಿಯುತ್ತರ. ಬಸ್ಸಿನಲ್ಲಿ ಒಮ್ಮೆ ಬಿದರಿ ಕೆಲಸಗಾರರೊಬ್ಬರು ಪಕ್ಕದಲ್ಲಿ ಕೂತಿದ್ದರಂತೆ. ಮುಂದಿನ ಭಾನುವಾರ ಚರ್ಚಿನಿಂದ ನೇರವಾಗಿ ಅವರ ಅಂಗಡಿಗೆ ಹೋಗಿ, ಊರಿಗೆಲ್ಲ ಕೈ ತೊಳೆಯಿರಿ ಎಂದು ಹೇಳುವ ಈ ನರ್ಸಮ್ಮ ತಾವೇ ಒಂದು ಚಿಟಿಕೆ ಮಣ್ಣು ನೆಕ್ಕಿ ಬಂದಿದ್ದರು! ಇದು ನಮಗೆ ತಿಳಿದದ್ದು ಆಗಲೇ. ಸಭೆಯಲ್ಲಿ ಕೂತಿದ್ದ ಅಣ್ಣನ ಮುಖ ನೋಡುವಂತಿತ್ತು.

ಜನ ವೇದಿಕೆಗೆ ನುಗ್ಗಿದರು. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಬ್ಬರಾದ ಮೇಲೆ ಒಬ್ಬರು ನನ್ನನ್ನೇ ಕೇಳತೊಡಗಿದರು, ಯಾಕೆಂದರೆ ವೈನಿ ಅಲ್ಲಿರಲಿಲ್ಲ. ಹುಡುಕಿದರೆ ಸಭಾಂಗಣದ ಹಿಂದಿನ ಸಾಲಿನಲ್ಲಿದ್ದರು. ಸೋತ ಉಪನ್ಯಾಸಕರು ತಲೆ ತಗ್ಗಿಸಿ ಕೂತಿದ್ದರು. ವೈನಿ ಅವರ ಎದುರು ಕುರ್ಚಿ ಹಾಕಿಕೊಂಡಿದ್ದರು. ಸಮಾಧಾನ ಹೇಳುತ್ತಿದ್ದಾರೇನೋ ಎಂದುಕೊಂಡೆ. ಅದಲ್ಲ. ಹಿಂದಿನ ಸುತ್ತಿನಲ್ಲಿ ಆಕ್ಟೋಪಸ್‌ಗೆ ಮೂರು ಹೃದಯ ಎಂದು ಆ ಹುಡುಗರು ಹೇಳಿದ್ದರು; ವೈನಿಗೆ ಅದು ಗೊತ್ತಿರಲಿಲ್ಲ.

“ಅದು ನಿಮಗ ಹ್ಯಾಂಗ ಗೊತ್ತಾತ್ರಿ? ಮೊದಲಿಂದ ಹೇಳ್ರಿ, ನನಗ ಅವಸರ ಇಲ್ಲ. ಮೂರರಾಗ ಒಂದು ನಿಂತರ ಉಳಿದೆರಡು ಏನ್ ಮಾಡ್ತಾವ?”

ಇಬ್ಬರಲ್ಲೊಬ್ಬ ತಲೆ ಎತ್ತಿದ. ಮುಖಕ್ಕೆ ಕಳೆ ಬಂತು, ಕೈ ಆಡಿಸುತ್ತ ಹೇಳಲು ಶುರುಮಾಡಿದ. ವೈನಿ ಗೆದ್ದದ್ದನ್ನೇ ಮರೆತು ಕೇಳುತ್ತಿದ್ದರು. ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ.