ಜ್ವರದ ದಿನದ ಉಪವಾಸ

ಚಂದ್ರಾವತಿಗೆ ಸೊಸೆಯ ಮೇಲಿದ್ದ ಸಿಟ್ಟೆಲ್ಲ ತುಪ್ಪದ್ದು. ಕಾರ್ಕಳದಲ್ಲಿ ಮೂವತ್ತು ವರ್ಷ ಬೆಣ್ಣೆ ಕಾಯಿಸಿ, ತುಪ್ಪ ಮಾರಿ, ಮೂವರು ಮಕ್ಕಳನ್ನು ದಡ ಸೇರಿಸಿದವಳು ಆಕೆ. ಅಂಥವಳು ಮಗನ ಸಂಸಾರ ನೋಡಲು ಪರದೇಶದ ಬ್ಲಾಂಚರ್ಡ್ಸ್‌ಟೌನಿಗೆ ಬಂದರೆ, ಎರಡು ವರ್ಷದ ಮೊಮ್ಮಗ ಧನುಷನ ಅನ್ನಕ್ಕೆ ಒಂದು ತೊಟ್ಟು ತುಪ್ಪ ಹಾಕುವಂತಿಲ್ಲ! ಕೊರೊನಾ ಬಂದು ವಿಮಾನ ನಿಂತಿತು. ಮಗ ನರ್ಸ್ ಕೆಲಸಕ್ಕೆಂದು ದೂರದ ವಾಟರ್‌ಫರ್ಡಿನಲ್ಲೇ ಉಳಿದ. ಅತ್ತೆ ಸೊಸೆ ಒಂದೇ ಸೂರಿನಡಿ ಹಲ್ಲು ಕಡಿಯುತ್ತ ಕೂತರು.

"ಕೊಬ್ಬು ಇಲ್ಲದ್ರೆ ಮೈಯಲ್ಲಿ ಎಂತ ಉಂಟು? ಮಗುವನ್ನು ಒಣಗಿಸ್ತಾ ಇದ್ದಿ ನೀನು."

"ಕೊಬ್ಬು ಕೆಟ್ಟದ್ದು ಅಂದ್ನಾ ಅತ್ತೆ?" ವಂದನಾ ರೇಗಿದಳು. "ಒಂದೊಂದು ಜೀವಕೋಶದ ಪೊರೇನೂ ಕೊಬ್ಬಿಂದೇ. ಮಿದುಳಲ್ಲೂ ಅದೇ ತುಂಬಿದೆ. ಹೊಟ್ಟೆ ಖಾಲಿಯಾದ್ರೆ ನಾವು ಕೂಡಿಟ್ಟ ಕೊಬ್ಬು ಉರಿಸ್ಕೊಂಡು ಬದುಕ್ತೀವಿ. ಇವನ ಮೈಗೆ ಕೊಬ್ಬು ಉರಿಸೋಕೇ ಬರಲ್ಲ, ಹುಟ್ಟಿಂದ್ಲೇ. ಅದಕ್ಕೇ ತುಪ್ಪ ಬೇಡ. ನಾಲ್ಕು ಗಂಟೆಗೊಂದ್ಸಲ ಊಟ ಮಾತ್ರ ಬೇಕೇ ಬೇಕು."

ಚಂದ್ರಾವತಿಯ ಕಿವಿ 'ತುಪ್ಪ ಬೇಡ' ಎಂಬಲ್ಲಿಗೇ ಮುಚ್ಚಿತ್ತು. ಉಳಿದದ್ದೆಲ್ಲ ಓದಿದ ಹುಡುಗಿಯ ಜಂಭ.

ಡೇಕೇರ್ ಮುಚ್ಚಿತ್ತು. ವಂದನಾ ಔಷಧಿ ಅಂಗಡಿಯ ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ ಧನುಷನ ಮೈ ಸುಡತೊಡಗಿತು. ಜ್ವರಕ್ಕೆ ಲಂಘನ ಹಾಕಿಸುವುದು ಚಂದ್ರಾವತಿಯ ಮನೆಯ ಪದ್ಧತಿ. ತನ್ನ ಮೂವರನ್ನೂ ಹಾಗೆಯೇ ಗುಣಪಡಿಸಿದ್ದಳು. ಬಟ್ಟಲು ಎತ್ತಿಟ್ಟು, ಬರೀ ಬಿಸಿನೀರು ಕುಡಿಸಿ ಮಲಗಿಸಿದಳು. ವಂದನಾ ಫೋನ್ ಮಾಡಿದಾಗ, "ಗ್ರ್ಯಾಂಡ್ ಇದ್ದಾನೆ" ಎಂದು, ಚೆನ್ನಾಗಿದ್ದಾನೆ ಎನ್ನಲು ಸೊಸೆ ಬಳಸುವ ಮಾತಿನಲ್ಲೇ ಚುಚ್ಚಿದಳು.

ಮಧ್ಯಾಹ್ನ ತಾಯಿ ಬಂದು ಕರೆದರೆ ಮಗು ಕಣ್ಣು ತೆರೆಯಲಿಲ್ಲ.

"ಏನು ತಿಂದ?"

"ಜ್ವರ ಬಂದ ಮಗುವಿಗೆ ಯಾರಾದ್ರೂ ತಿನ್ನಿಸ್ತಾರಾ? ತುಪ್ಪ ಮುಟ್ಟಿಸ್ಲಿಲ್ಲ, ದೇವರಾಣೆ."

ವಂದನಾ ಆಂಬುಲೆನ್ಸ್ ಕರೆದು, ಮಗುವಿನ ವಸಡಿಗೆ ಗ್ಲೂಕೋಸ್ ಸವರುತ್ತ ಕೂತಳು. ಆಸ್ಪತ್ರೆಗೆ ಒಬ್ಬರಿಗೇ ಪ್ರವೇಶ. ಒಂಟಿಯಾಗಿ ಉಳಿದ ಚಂದ್ರಾವತಿಗೆ ಅಂದು ಕೇಳಿಸಿಕೊಳ್ಳದ ಮಾತುಗಳು ಈಗ ಒಂದೊಂದಾಗಿ ನೆನಪಾದವು. ತನ್ನ ಕೈಯಾರೆ ಕೊಲ್ಲಲು ಹೊರಟಿದ್ದೆ ಎಂದು ಎದೆ ಬಡಿದುಕೊಂಡಳು.

ಮೂರನೇ ದಿನ ಮಗು ಬದುಕಿ ಮನೆಗೆ ಬಂತು. ಗಡಿಯಾರ ನೋಡುತ್ತ ಕಾದಿದ್ದ ಚಂದ್ರಾವತಿ ಗಂಜಿಯ ಬಟ್ಟಲು ತಂದಳು. ಧನುಷ್ ಕೈಚಾಚಿದ. ವಂದನಾ ಬಟ್ಟಲು ಕಿತ್ತು ಸಿಂಕಿಗೆ ಸುರಿದಳು.

"ಫ್ಲೈಟ್ ಶುರುವಾದ ದಿನವೇ ನಿಮಗೆ ಟಿಕೆಟ್ ಮಾಡಿಸ್ತೀನಿ. ಅಲ್ಲೀವರೆಗೂ ಇವನನ್ನ ಮುಟ್ಬೇಡಿ."

"ಇವತ್ತೇ ಹೊರಗೆ ಹಾಕು ಬೇಕಾದ್ರೆ," ಚಂದ್ರಾವತಿ ಖಾಲಿ ಬಟ್ಟಲನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು. "ಮೊದಲು ಅವನಿಗೆ ತಿನ್ನಿಸು ಮಾರಾಯ್ತಿ. ಹೊತ್ತು ಮೀರ್ತಾ ಉಂಟು."